ಮೊದಲ ಪಿಟೀಲು: ಕಂಪನಿಗಿಂತ ಕುದುರೆ ನೋಡಿ

ವಿಜಯದಶಮಿಗೆ ಮಗುವಿಗೆ ಪಿಟೀಲು ಪಾಠ ಶುರುಮಾಡಿಸಬೇಕೆಂದು ಅಂಗಡಿಗೆ ಬಂದವರು ಮೊದಲು ಕೇಳುವುದು, ‘ಯಾವ ಕಂಪನಿಯದು ಒಳ್ಳೇದು?’ ಎಂದು. ಅಂಗಡಿಯವರಿಗೂ ಇದೇ ಪ್ರಶ್ನೆ ಇಷ್ಟ, ಉತ್ತರ ಸುಲಭ ನೋಡಿ. ಆದರೆ ಒಂದೇ ಕಂಪನಿಯ, ಒಂದೇ ಬೆಲೆಯ ಎರಡು ಪಿಟೀಲುಗಳಲ್ಲಿ ಒಂದು ಕೈಗೆ ಒಲಿಯುತ್ತದೆ, ಇನ್ನೊಂದು ಆರು ತಿಂಗಳಲ್ಲಿ ಅಟ್ಟ ಸೇರುತ್ತದೆ. ತಂತಿಗಳನ್ನು, ಅವನ್ನು ಎತ್ತಿ ಹಿಡಿಯುವ ಕುದುರೆಯನ್ನು, ಬಿಗಿಯುವ ಬಿರಡೆಗಳನ್ನು ಹೊಂದಿಸಿದ ರೀತಿಯಲ್ಲೇ ವ್ಯತ್ಯಾಸ ಇರುವುದು. ಕಾರ್ಖಾನೆಯಿಂದ ಬಂದ ವಾದ್ಯವನ್ನು ಯಾರಾದರೂ ಬಲ್ಲವರು ಕೂತು ಸರಿಪಡಿಸಿರಬೇಕು. ಇಲ್ಲದಿದ್ದರೆ ವಾದ್ಯದ ತಪ್ಪು ಮಗುವಿನ ತಲೆಗೆ ಬರುತ್ತದೆ: ‘ಕೈ ಕೂರ್ತಿಲ್ಲ’, ‘ಶ್ರುತಿಜ್ಞಾನ ಸಾಲದು.’

ಮೊದಲು ಅಳತೆ. ದೊಡ್ಡವರದು 4/4, ಅದರ ಒಡಲು ಸುಮಾರು 14 ಅಂಗುಲ. ಮಕ್ಕಳಿಗೆ 3/4, 1/2, 1/4 ಹೀಗೆ ಇಳಿಯುತ್ತ ಹೋಗುತ್ತದೆ. 1/2 ಎಂದರೆ ಉದ್ದದಲ್ಲಿ ಅರ್ಧವಲ್ಲ, ಅದರ ಒಡಲೂ 12 ಅಂಗುಲದ ಮೇಲೇ ಇರುತ್ತದೆ. ಅಂಗಡಿಗಳಲ್ಲಿ ತೋಳು ಚಾಚಿಸಿ, ಕುತ್ತಿಗೆಯಿಂದ ಅಂಗೈವರೆಗೆ ಅಳೆದು ಪಟ್ಟಿ ನೋಡುತ್ತಾರೆ. ಆ ಪಟ್ಟಿ ನಿಂತು ನುಡಿಸುವ ಪಾಶ್ಚಾತ್ಯ ಪದ್ಧತಿಯವರದು. ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯ ಸುರುಳಿಯನ್ನು ಬಲಗಾಲ ಹರಡಿನ ಮೇಲೆ ಊರುತ್ತಾರೆ. ಹಾಗಾಗಿ ಮುಜುಗರ ಬಿಟ್ಟು ಮಗುವನ್ನು ಅಂಗಡಿಯ ನೆಲದ ಮೇಲೇ ಕೂರಿಸಿ ನೋಡಿ. ಬಿರಡೆಯ ಹತ್ತಿರದ ಸ್ವರ ಹಿಡಿಯಲು ಮೊಣಕೈ ಪೂರ್ತಿ ನೀಳವಾಗುತ್ತಿದ್ದರೆ ಅದು ದೊಡ್ಡದಾಯಿತು. ‘ಹೇಗೂ ಬೆಳೀತಾನಲ್ಲ’ ಎಂದು ಒಂದು ಅಳತೆ ಜಾಸ್ತಿ ಕೊಳ್ಳುವುದು ಶಾಲೆಯ ಯೂನಿಫಾರಂಗೆ ಸರಿ, ಪಿಟೀಲಿಗಲ್ಲ. ಹೆಗಲಿಗೆ ಸಿಕ್ಕಿಸುವ ಶೋಲ್ಡರ್ ರೆಸ್ಟ್ ಮಾರಲು ಬಂದರೆ, ಕರ್ನಾಟಕ ಸಂಗೀತ ಕಲಿಯುವವರು ಬೇಡ ಎನ್ನಬಹುದು.

ಇನ್ನು ಕುದುರೆ. ಇಲ್ಲಿ ಅವಸರ ಬೇಡ. ಅದರ ಎರಡೂ ಪಾದಗಳು ಹಲಗೆಗೆ ಅಂಟಿದಂತೆ ಕೂತಿರಬೇಕು, ಅಡಿಯಲ್ಲಿ ವಿಸಿಟಿಂಗ್ ಕಾರ್ಡಿನ ಮೂಲೆ ತೂರಬಾರದು. ಪಕ್ಕದಿಂದ ನೋಡಿದರೆ, ತಂತಿಗಳ ಕೆಳತುದಿ ಸಿಕ್ಕಿಸುವ ಬಾಲದ ಕಡೆಯ ಮೈ ನೆಟ್ಟಗಿರಬೇಕು. ಫಿಂಗರ್‌ಬೋರ್ಡಿನ ಕೊನೆಯಲ್ಲಿ ತಂತಿ ಎಷ್ಟು ಎತ್ತರದಲ್ಲಿದೆ ಗಮನಿಸಿ. ಪೂರ್ಣ ಅಳತೆಯ ವಾದ್ಯದಲ್ಲಿ ಸಣ್ಣ ತಂತಿಗೆ ಮೂರು-ಮೂರೂವರೆ ಮಿಲಿಮೀಟರ್, ದಪ್ಪ ತಂತಿಗೆ ಐದರ ಆಸುಪಾಸು ಇದ್ದರೆ ಸರಿ. ಅಗ್ಗದ ಪಿಟೀಲುಗಳಲ್ಲಿ ಕುದುರೆಯನ್ನು ಕೆತ್ತದೆ ಹಾಗೇ ನಿಲ್ಲಿಸಿರುತ್ತಾರೆ. ತಂತಿ ಎತ್ತರವಾಗಿ, ಒತ್ತಿದರೆ ಬೆರಳು ಕೊರೆಯುತ್ತದೆ. ತಂತಿಯ ಮೇಲೆ ಬೆರಳು ಜಾರಿಸಿ ಗಮಕ ತೆಗೆಯಬೇಕಾದ ನಮ್ಮ ಸಂಗೀತಕ್ಕೆ ಇದು ದೊಡ್ಡ ತೊಡಕು. ಕುದುರೆಯ ನೆತ್ತಿ ಚಪ್ಪಟೆಯಾಗಿದ್ದರೂ ಕಷ್ಟ, ಕಮಾನು ಒಂದು ತಂತಿ ಮುಟ್ಟಲು ಹೋಗಿ ಎರಡನ್ನು ಎಳೆಯುತ್ತದೆ.

ಫಿಂಗರ್‌ಬೋರ್ಡ್ ಎಬೊನಿ ಮರದ್ದು ಎನ್ನುತ್ತಾರೆ. ಒಡಲಿನ ಮೇಲೆ ಚಾಚಿರುವ ಅದರ ಭಾಗವನ್ನು ಅಡಿಯಿಂದ ನೋಡಿ. ಬಿಳಿಚಿದ ಮರ ಕಂಡರೆ ಮೇಲಿನದು ಬರೀ ಕರಿ ಬಣ್ಣ. ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸಾಧನೆಗೆ ಕೂರುವವರು ಬಹಳ ಮಂದಿ. ಆ ಬಣ್ಣ ಎಷ್ಟು ದಿನ ನಿಂತೀತು?

ಬಿರಡೆ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ದಿನಾ ಶ್ರುತಿಪೆಟ್ಟಿಗೆಗೆ ತಕ್ಕಂತೆ ಸಾ-ಪ-ಸಾ-ಪ ಹೊಂದಿಸಬೇಕು. ಬಿರಡೆ ಜಾರಿದರೆ ಮಗುವಿನ ಅರ್ಧ ಗಂಟೆ ಅಲ್ಲೇ ಹೋಯಿತು. ಸ್ವಲ್ಪ ಜಾರಿದರೆ ಸೀಮೆಸುಣ್ಣ ಸವರಿ ಸರಿಮಾಡಬಹುದು, ಪ್ಲಾಸ್ಟಿಕ್ಕಿನದಾದರೆ ಬಿಟ್ಟುಬಿಡಿ. ಬಾಲದ ಹತ್ತಿರ ನಾಲ್ಕೂ ತಂತಿಗೆ ಫೈನ್ ಟ್ಯೂನರ್ ಇದ್ದರೆ ಕಲಿಯುವವರಿಗೆ ಅನುಕೂಲ. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿ ಹೆಸರಾದರು, ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವೇ ಪಿಟೀಲಿನ ಆಕಾರದಲ್ಲಿದೆ. ಹೊಸಬರಿಗೆ ನಾಲ್ಕನ್ನು ಹದಕ್ಕೆ ತರುವುದೇ ಸಾಕುಸಾಕಾಗುತ್ತದೆ.

ನಾದ ಪರೀಕ್ಷಿಸಲು ಗುರುಗಳನ್ನೇ ಕರೆದೊಯ್ಯಿರಿ. ಅಂಗಡಿಯವರು ಪಾಶ್ಚಾತ್ಯ ಶ್ರುತಿಗೆ ಬಿಗಿದಿಟ್ಟಿದ್ದನ್ನು, ಮಗು ನುಡಿಸಲಿರುವ ಶ್ರುತಿಗೆ ಇಳಿಸಿ ಕೇಳಬೇಕು. ಬಿಗಿಯಾಗಿದ್ದಾಗ ಗಣಗಣ ಎನ್ನುವ ಕೆಲವು ಪಿಟೀಲುಗಳು ತಂತಿ ಸಡಿಲಿಸಿದೊಡನೆ ಮಂಕಾಗುತ್ತವೆ. ಇಳಿಸುವಾಗ ನಾಲ್ಕೂ ತಂತಿಯನ್ನು ಒಟ್ಟಿಗೆ ಪೂರ್ತಿ ಬಿಚ್ಚಲು ಬಿಡಬೇಡಿ. ಒಳಗೆ ನಿಲ್ಲಿಸಿರುವ ಸೌಂಡ್‌ಪೋಸ್ಟ್ ಎಂಬ ಪುಟ್ಟ ಕಡ್ಡಿಗೆ ಅಂಟಿಲ್ಲ, ಒತ್ತಡ ತಪ್ಪಿದರೆ ಬಿದ್ದುಹೋಗುತ್ತದೆ. ಹೊಸ ಕಮಾನು ಎಳೆದರೆ ಸದ್ದೇ ಬರಲಿಲ್ಲವೆಂದು ಪಿಟೀಲನ್ನು ವಾಪಸ್ ತಂದವರೂ ಉಂಟು. ಕೂದಲಿಗೆ ರೋಸಿನ್ ಹಚ್ಚಿರುವುದಿಲ್ಲ, ಅಷ್ಟೇ. ಹೊಸ ರೋಸಿನ್ ಬಿಲ್ಲೆಯ ನುಣುಪನ್ನು ಉಪ್ಪುಕಾಗದದಿಂದ ಒರಟುಮಾಡಿ ಚೆನ್ನಾಗಿ ತಿಕ್ಕಿದರೆ ಸದ್ದು ಬರುತ್ತದೆ.

ಅಜ್ಜನ ಕಾಲದ ಪಿಟೀಲು ಮನೆಯಲ್ಲಿದ್ದರೆ ಒಳಗೆ ‘ಸ್ಟ್ರಾಡಿವೇರಿಯಸ್’ ಎಂಬ ಚೀಟಿ ಕಂಡು ಎದೆ ಝಲ್ಲೆನ್ನಬಹುದು. ಇಟಲಿಯ ಸ್ಟ್ರಾಡಿವರಿ ತೀರಿಕೊಂಡದ್ದು 1737ರಲ್ಲಿ. ಆಮೇಲೆ ಜರ್ಮನಿ, ಬೊಹೆಮಿಯಾಗಳ ಕೆಲಸಗಾರರು ಅವನ ಮಾದರಿಯಲ್ಲಿ ಮಾಡಿ, ಅದೇ ಚೀಟಿ ಅಂಟಿಸಿದ ಪಿಟೀಲುಗಳಿಗೆ ಲೆಕ್ಕವಿಲ್ಲ. ಕೋಟಿ ಬಾಳದಿದ್ದರೂ ಅವುಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ. ಅಂಚಿನ ಸುತ್ತ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಎಲ್ಲಾದರೂ ಝರಝರ ಎಂದರೆ ಅಲ್ಲಿ ಅಂಟು ಬಿಟ್ಟಿದೆ, ಅದನ್ನು ಸರಿಮಾಡಿಸಬಹುದು. ಕುದುರೆಯ ಕೆಳಗೆ ಬಿರುಕು ಬಿಟ್ಟಿದ್ದರೆ ಮಾತ್ರ ಬಲ್ಲವರಿಗೆ ತೋರಿಸದೆ ಮುಂದುವರಿಯಬೇಡಿ.

ದುಡ್ಡಿನ ವಿಷಯದಲ್ಲಿ ನನ್ನ ಮಾತಿಷ್ಟು: ಇರುವುದೆಲ್ಲವನ್ನೂ ವಾದ್ಯಕ್ಕೇ ಸುರಿಯದೆ, ಕುದುರೆ ಕೆತ್ತಿಸಲು, ಒಳ್ಳೆಯ ತಂತಿ ಹಾಕಿಸಲು ಒಂದಷ್ಟು ಎತ್ತಿಡಿ. ಸಣ್ಣ ಅಳತೆಯದನ್ನಂತೂ ಹೊಸದೇ ಕೊಳ್ಳಬೇಕೆಂದಿಲ್ಲ, ಎರಡು-ಮೂರು ವರ್ಷಕ್ಕೆ ಅದು ಮಗುವಿಗೆ ಚಿಕ್ಕದಾಗುತ್ತದೆ. ಗುರುಗಳನ್ನು ಒಮ್ಮೆ ಕೇಳಿ. ಹೋದ ವರ್ಷ 1/2 ಬಿಟ್ಟು 3/4ಕ್ಕೆ ಏರಿದ ಹುಡುಗನೋ ಹುಡುಗಿಯೋ ಅವರ ಕ್ಲಾಸಿನಲ್ಲೇ ಇದ್ದಾರು.