ಹಳೆಯ ಸರಕು ವಾಹನ ಕೊಳ್ಳುವ ಮುನ್ನ ಎಫ್‌ಸಿ ದಾಖಲೆಯನ್ನು ಓದುವ ಬಗೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಅನೇಕ ರೈತರು ಈರುಳ್ಳಿ, ದಾಳಿಂಬೆ, ಮೆಣಸಿನಕಾಯಿಯನ್ನು ಮಾರುಕಟ್ಟೆಗೆ ಸಾಗಿಸಲು ಹಳೆಯ ಪಿಕಪ್ ವಾಹನಗಳನ್ನು ಕೊಳ್ಳುತ್ತಾರೆ. ಕೊಳ್ಳುವಾಗ ಟೈರು, ಬಣ್ಣ, ಎಂಜಿನ್ನಿನ ಸದ್ದು ಇವಿಷ್ಟನ್ನು ಸೂಕ್ಷ್ಮವಾಗಿ ನೋಡುವುದುಂಟು. ಕಾಗದಪತ್ರಗಳ ವಿಷಯ ಬಂದಾಗ ಮಾತ್ರ "ಎಲ್ಲಾ ಕ್ಲಿಯರ್ ಅದಾವ್ರೀ" ಎಂಬ ಮಾರಾಟಗಾರನ ಒಂದು ಮಾತಿಗೆ ತೃಪ್ತರಾಗುತ್ತಾರೆ. ವಾಹನದ ಹಿಂದಿನ ಬದುಕನ್ನು ಹೇಳಬಲ್ಲ ದಾಖಲೆ ಅದೇ ಕಾಗದಗಳ ಕಟ್ಟಿನಲ್ಲಿರುತ್ತದೆ. ಅದೇ ಅರ್ಹತಾ ಪ್ರಮಾಣಪತ್ರ, ರೂಢಿಯ ಮಾತಿನಲ್ಲಿ ಎಫ್‌ಸಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ರಹದಾರಿ, ಅಂದರೆ ಪರ್ಮಿಟ್, ಬೇಕಾಗಿಲ್ಲ. ಇದನ್ನೇ ಹಿಡಿದು ಎಫ್‌ಸಿಯೂ ಬೇಡವೆಂದು ತಿಳಿಯುವವರಿದ್ದಾರೆ. ಹಾಗಲ್ಲ. ಸ್ವಂತ ಹೊಲದ ಮಾಲನ್ನಷ್ಟೇ ಸಾಗಿಸಿದರೂ ಅದು ಸಾರಿಗೆ ವಾಹನವೇ. 1988ರ ಮೋಟಾರು ವಾಹನಗಳ ಅಧಿನಿಯಮದ 56ನೇ ಕಲಮಿನ ಪ್ರಕಾರ, ಊರ್ಜಿತ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸುವಂತಿಲ್ಲ. ಅಂಥ ವಾಹನ ಅಪಘಾತಕ್ಕೀಡಾದರೆ ವಿಮಾ ಕಂಪನಿಯು ತಕರಾರು ತೆಗೆಯಲು ಇಷ್ಟು ಸಾಕು.

ಇನ್ನು ದಿನಾಂಕಗಳನ್ನು ಓದುವ ಕ್ರಮ. ವಾಹನಕ್ಕೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿ ವರ್ಷವೂ ಎಫ್‌ಸಿ ನವೀಕರಿಸಬೇಕೆಂಬುದು ಈಗಿನ ನಿಯಮ. ಹೀಗಾಗಿ 2019ರ ಜೂನ್‌ನಲ್ಲಿ ನೋಂದಣಿಯಾದ ಪಿಕಪ್ಪಿಗೆ 2021, 2023, 2025ರ ಸುಮಾರಿಗೆ ನವೀಕರಣವಾಗಿರಬೇಕು. ತಾವು ಮಾರಾಟಗಾರರಿಂದ ಈಗಿನ ಪತ್ರವನ್ನಷ್ಟೇ ಅಲ್ಲದೆ ಹಿಂದಿನ ಪತ್ರಗಳನ್ನೂ ಕೇಳಿ ಪಡೆದು, ಒಂದರ ಮುಕ್ತಾಯ ದಿನಾಂಕವನ್ನು ಮುಂದಿನದರ ತಪಾಸಣೆಯ ದಿನಾಂಕದೊಡನೆ ಹೋಲಿಸಿ ನೋಡಬೇಕು. ನಡುವೆ ಏಳೆಂಟು ತಿಂಗಳ ಅಂತರ ಕಂಡರೆ ಆ ಅವಧಿಯಲ್ಲಿ ವಾಹನ ಎಲ್ಲಿತ್ತು ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಅಪಘಾತವಾಗಿ ಗ್ಯಾರೇಜಿನಲ್ಲಿ ನಿಂತಿರಬಹುದು, ಸಾಲದ ಕಂತು ಬಾಕಿಯಾಗಿ ಜಪ್ತಾಗಿರಬಹುದು, ಪೊಲೀಸ್ ಠಾಣೆಯ ಅಂಗಳದಲ್ಲಿರಬಹುದು, ಅಥವಾ ಎಫ್‌ಸಿ ಇಲ್ಲದೆಯೇ ಓಡಿರಬಹುದು. ಆದರೆ ಒಂದು ವಿನಾಯಿತಿಯನ್ನು ನೆನಪಿನಲ್ಲಿಡಬೇಕು. ಕೋವಿಡ್ ಕಾಲದಲ್ಲಿ, 2020ರ ಫೆಬ್ರವರಿ 1ರ ನಂತರ ಅವಧಿ ಮುಗಿದ ವಾಹನ ದಾಖಲೆಗಳಿಗೆ ಕೇಂದ್ರ ಸಾರಿಗೆ ಸಚಿವಾಲಯವು 2021ರ ಅಕ್ಟೋಬರ್ 31ರವರೆಗೆ ಮಾನ್ಯತೆ ವಿಸ್ತರಿಸಿತ್ತು. ಆ ಅವಧಿಯ ಅಂತರವೊಂದನ್ನೇ ದೋಷವೆಂದು ಭಾವಿಸಬೇಕಾಗಿಲ್ಲ.

ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಕಾಲಘಟ್ಟವಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿ ಹರಿದವು. ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತ್ತು. ನದಿದಂಡೆಯ ಊರುಗಳಲ್ಲಿ ನಿಂತಿದ್ದ ವಾಹನಗಳು ಮುಳುಗಿದ್ದರೆ ಆಶ್ಚರ್ಯವಿಲ್ಲ. ಮುಳುಗಿದ ವಾಹನವನ್ನು ತೊಳೆದು, ಬಣ್ಣ ಹೊಡೆದು, ಎಫ್‌ಸಿಯನ್ನೂ ಪಡೆಯಬಹುದು. ತಪಾಸಣೆಯ ದಿನ ಬ್ರೇಕು, ದೀಪ, ಸ್ಟಿಯರಿಂಗ್ ಸರಿಯಿದ್ದರಾಯಿತು. ವೈರಿಂಗ್ ಒಳಗೊಳಗೇ ಕಿಲುಬು ಹಿಡಿಯುವುದು ಆಮೇಲೆ. ಆದುದರಿಂದ ಆ ವರ್ಷಕ್ಕಿಂತ ಹಿಂದಿನ ವಾಹನವಾದರೆ ಆಸನದ ಕೆಳಗಿನ ಕಂಬಿ, ನೆಲದ ಹಾಸಿನ ಅಡಿ, ದೀಪದ ಗಾಜಿನ ಒಳಭಾಗ, ವೈರುಗಳ ಜೋಡಣೆ ಇವುಗಳಲ್ಲಿ ಒಣಗಿದ ಸಣ್ಣ ಗೋಡು ಸಿಗುತ್ತದೆಯೇ ಎಂದು ಬೆರಳಾಡಿಸಿ ನೋಡಬೇಕು. ಎರೆಮಣ್ಣಿನ ಗೋಡು ಎಷ್ಟು ತೊಳೆದರೂ ಸಂದಿಗಳಲ್ಲಿ ಉಳಿಯುತ್ತದೆ. ಇಳಕಲ್ ಭಾಗದ ಗ್ರಾನೈಟ್ ಕ್ವಾರಿಗಳಲ್ಲಿ ದುಡಿದ ವಾಹನವಾದರೆ ನೋಡಬೇಕಾದುದು ಬೇರೆ: ಚಾಸಿಯ ಮೇಲಿನ ಹೊಸ ವೆಲ್ಡಿಂಗ್ ಗುರುತು ಮತ್ತು ತಳದಲ್ಲಿ ಹೆಚ್ಚುವರಿಯಾಗಿ ಸೇರಿಸಿದ ಸ್ಪ್ರಿಂಗ್ ಪ್ಲೇಟುಗಳು.

ಬ್ರಿಟನ್ನಿನಲ್ಲಿ ನೋಂದಣಿ ಸಂಖ್ಯೆಯೊಂದನ್ನು ನಮೂದಿಸಿದರೆ 2005ರಿಂದೀಚಿನ ಪ್ರತಿ ತಪಾಸಣೆಯ ಫಲಿತಾಂಶ, ಓಡಿದ ದೂರ, ಕಂಡುಬಂದ ದೋಷ ಎಲ್ಲವನ್ನೂ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ನಮ್ಮಲ್ಲಿ ಎಂಪರಿವಾಹನ್ ಆ್ಯಪ್ ಅಥವಾ ಪರಿವಾಹನ್ ಜಾಲತಾಣದಲ್ಲಿ ಸಿಗುವುದು ನೋಂದಣಿ ದಿನಾಂಕ, ಎಫ್‌ಸಿ, ವಿಮೆ ಮತ್ತು ಹೊಗೆ ಪರೀಕ್ಷೆ ಎಂದಿನವರೆಗೆ ಊರ್ಜಿತ, ಸಾಲದ ಹೊರೆ ಇದೆಯೇ ಎಂಬ ವಿವರಗಳು. ಇವೂ ಕಡಿಮೆಯೇನಲ್ಲ. ಕೈಯಲ್ಲಿರುವ ಕಾಗದಕ್ಕೂ ಪರದೆಯ ಮೇಲಿನ ದಿನಾಂಕಕ್ಕೂ ವ್ಯತ್ಯಾಸವಿದ್ದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ, ಸಂಬಂಧಪಟ್ಟ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕೆಎ 29 ವಾಹನಕ್ಕೆ ಬಾಗಲಕೋಟೆ, ಕೆಎ 48ಕ್ಕೆ ಜಮಖಂಡಿ.

ಓಡಿದ ದೂರವನ್ನು ತಿಳಿಯಲು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರವೇ ಉತ್ತಮ ದಾರಿ. ಮಾರಾಟಗಾರರನ್ನು ಜೊತೆಯಲ್ಲಿ ಕರೆದೊಯ್ದರೆ, ಪ್ರತಿ ಸರ್ವಿಸ್ಸಿನ ದಿನ ದಾಖಲಾದ ಕಿಲೋಮೀಟರ್ ಎಷ್ಟೆಂದು ಅಲ್ಲಿ ತಿಳಿಯಬಹುದು. ಮೂರು ವರ್ಷ ಹಿಂದೆ 90,000 ಇದ್ದದ್ದು ಇಂದು 70,000 ತೋರಿಸಿದರೆ ಬೇರೆ ಸಾಕ್ಷಿ ಬೇಕಿಲ್ಲ. ವಿಮಾ ಪತ್ರದಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲನ್ನೂ ನೋಡಿರಿ. ಪರಿಹಾರ ಕೇಳದ ಮೊದಲ ವರ್ಷಕ್ಕೆ ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ಏರುವ ಈ ರಿಯಾಯಿತಿ, ಹಲವು ವರ್ಷ ಒಬ್ಬರೇ ಮಾಲೀಕರಿದ್ದೂ ಸೊನ್ನೆಯಾಗಿದ್ದರೆ, ಹಿಂದಿನ ವರ್ಷ ಪರಿಹಾರ ಪಡೆದಿರುವ ಸಂಭವವಿದೆ. ಕಾರಣ ಕೇಳಬೇಕು.

ಟ್ರ್ಯಾಕ್ಟರಿನ ಮಾತು ಬೇರೆ. ಕೃಷಿ ಟ್ರ್ಯಾಕ್ಟರಿಗೆ ಪಿಕಪ್ಪಿನಂತೆ ಆಗಾಗ ಎಫ್‌ಸಿ ಇರುವುದಿಲ್ಲ. 15 ವರ್ಷದ ನೋಂದಣಿ ಮುಗಿದ ಮೇಲೆ, ವಾಹನವನ್ನು ತಪಾಸಿಸಿ 5 ವರ್ಷಕ್ಕೆ ನವೀಕರಿಸುತ್ತಾರೆ. ಹಾಗಾಗಿ ಓದಲು ದಾಖಲೆಯೇ ಕಡಿಮೆ. ಅವರ್ ಮೀಟರು ತೋರಿಸುವ ಗಂಟೆಗಳನ್ನು ಕ್ಲಚ್ ಪೆಡಲಿನ ಸವೆತದೊಡನೆ, ಟ್ರೇಲರ್ ಸಿಕ್ಕಿಸುವ ತೂತಿನ ಅಗಲದೊಡನೆ ಹೋಲಿಸುವುದೊಂದೇ ಉಪಾಯ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಇರುತ್ತದೆ ಎಂಬುದನ್ನು ಮರೆಯಬಾರದು.

ಯಾವ ವಾಹನವೇ ಆಗಲಿ, ಚಾಸಿಯ ಮೇಲೆ ಕೆತ್ತಿದ ಸಂಖ್ಯೆಗೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು, ಆರ್‌ಸಿಯಲ್ಲಿರುವುದರೊಡನೆ ಒಂದೊಂದೇ ಅಕ್ಷರವನ್ನು ತಾಳೆ ನೋಡಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ, ಸಾಲ ತೀರಿದ ಪತ್ರದ ಜೊತೆಗೆ ಅವರು ಸಹಿ ಮಾಡಿದ ನಮೂನೆ 35 ಬರುವವರೆಗೆ ಪೂರ್ಣ ಹಣ ಕೊಡಬಾರದು. ಹೊರ ರಾಜ್ಯದ ವಾಹನಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಅಗತ್ಯ. ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ವ್ಯವಹಾರ ಕುದುರಿದ ಮೇಲೆ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿ, ರಾಜ್ಯದೊಳಗಿನ ವಾಹನವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನಗಳ ಕಾಲಾವಕಾಶವಿದೆ. ಬಾಂಡ್ ಪೇಪರಿನ ಮೇಲೆ ಬರೆದುಕೊಂಡ ಕರಾರು ಮಾಲೀಕತ್ವವನ್ನು ನೋಂದಣಿ ಪುಸ್ತಕದಲ್ಲಿ ಬದಲಿಸದು. ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಹಳೆಯ ವಾಹನವನ್ನು ಮಾರುವ ರೈತರಿಗೂ ವರ್ಗಾವಣೆ ಮುಗಿಯುವವರೆಗೆ ಬಿಡುಗಡೆಯಿಲ್ಲ. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಈ ಅಂಶವನ್ನು ಮಾರುವವರಿಗೂ ತಿಳಿಸುವುದು ಒಳ್ಳೆಯದು.