ನಿಮಗಿದು ಗೊತ್ತೇ? ಹೃದಯಾಘಾತವಾದಾಗ ಚಿಂಚೋಳಿಯಿಂದ ಕಲಬುರಗಿ ಎಷ್ಟು ದೂರ?

● ಹೃದಯಕ್ಕೆ ರಕ್ತ ಒಯ್ಯುವ ನಾಳ ಪೂರ್ತಿ ಮುಚ್ಚಿಕೊಂಡರೆ ಅರ್ಧ ಗಂಟೆಯೊಳಗೇ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ.

● ಎದೆನೋವು ಬಂದಾಗ ‘ಗ್ಯಾಸ್ ಆಗ್ಯಾದ, ಸೋಡಾ ಕುಡೀರಿ’ ಎಂಬ ಮಾತಿನಲ್ಲಿ ನಮ್ಮ ಕಡೆ ಎಷ್ಟು ಹೊತ್ತು ಕಳೆದುಹೋಗುತ್ತದೋ! ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ತೀರ್ಮಾನಿಸಲಾಗದು, ಇಸಿಜಿ ಬೇಕೇ ಬೇಕು. ಆಸ್ಪತ್ರೆ ಮುಟ್ಟಿದ 10 ನಿಮಿಷದೊಳಗೆ ಅದು ಆಗಬೇಕೆಂಬುದು ನಿಯಮ. ಮೊದಲ ಇಸಿಜಿ ಸರಿಯಿದ್ದರೂ ನೋವು ಇಳಿಯದಿದ್ದರೆ ಮತ್ತೆ ಮಾಡಿಸಬೇಕು.

● ಇಸಿಜಿಯಲ್ಲಿ ದೊಡ್ಡ ಆಘಾತ ಕಂಡ 120 ನಿಮಿಷದೊಳಗೆ ಆಂಜಿಯೊಪ್ಲಾಸ್ಟಿ (ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ) ಆಗುವಂತಿದ್ದರೆ ಅದೇ ಮೇಲು. ಆಗದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಇದ್ದಲ್ಲೇ ಕೊಡಬೇಕು. ಶಹಾಬಾದಿನವರಿಗೆ ಕಲಬುರಗಿ ಹತ್ತಿರ. ಚಿಂಚೋಳಿಯಿಂದ ಸುಮಾರು 80 ಕಿ.ಮೀ.; ಆ್ಯಂಬುಲೆನ್ಸ್ ಬರುವ ಹೊತ್ತು, ಆಂಜಿಯೊಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ಸಿದ್ಧವಾಗುವ ಹೊತ್ತು ಸೇರಿಸಿದರೆ ಎರಡು ತಾಸು ಎಲ್ಲಿ ಉಳಿಯಿತು? ಹಾಗಾಗಿ ಚಿಂಚೋಳಿ, ಸೇಡಂ, ಚಿತ್ತಾಪುರದವರು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರ ಕಲಬುರಗಿಗೆ ಓಡುವುದು ಸರಿಯಲ್ಲ. ವಾಡಿಯವರು ಜಂಕ್ಷನ್‌ನಲ್ಲಿ ರೈಲಿಗಾಗಿ ಕಾಯಲೂಬಾರದು. 108ಕ್ಕೆ ಕರೆ ಮಾಡಿ.

● ಆ ಇಂಜೆಕ್ಷನ್ನಿನ ಹೆಸರು ಟೆನೆಕ್ಟೆಪ್ಲೇಸ್. ರೋಗಿಯ ತೂಕ ನೋಡಿ ಒಂದೇ ಬಾರಿಗೆ, ಕೆಲವೇ ಸೆಕೆಂಡಿನಲ್ಲಿ ಕೊಡುತ್ತಾರೆ. ಹಳೆಯ ಸ್ಟ್ರೆಪ್ಟೊಕೈನೇಸ್ ಹನಿ ಹನಿಯಾಗಿ ಇಳಿಯಲು ಸುಮಾರು ಒಂದು ತಾಸು ಬೇಕಿತ್ತು. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ಉಚಿತ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಅಗಲಿದ ನಟ ಪುನೀತ್ (ಅಪ್ಪು) ಹೆಸರಿನ ಯೋಜನೆಯಿದು. ಮಿದುಳಿನ ರಕ್ತಸ್ರಾವ ಆಗಿದ್ದವರಿಗೆ, ಇತ್ತೀಚೆಗೆ ಪಾರ್ಶ್ವವಾಯು ಹೊಡೆದವರಿಗೆ ಈ ಇಂಜೆಕ್ಷನ್ ಕೊಡುವಂತಿಲ್ಲ. ಅದನ್ನು ವೈದ್ಯರಿಗೆ ಮೊದಲೇ ಹೇಳಿಬಿಡಿ.

● 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ ಹೃದಯಾಘಾತದ 17,187 ರೋಗಿಗಳಿದ್ದರು. ಬರೀ ಆಸ್ಪಿರಿನ್ ಐದು ವಾರದೊಳಗಿನ ಸಾವನ್ನು ಶೇ 23ರಷ್ಟು ತಗ್ಗಿಸಿತು. ಸ್ಟ್ರೆಪ್ಟೊಕೈನೇಸ್ ಜೊತೆಗೂಡಿದಾಗ ಶೇ 42ರಷ್ಟು. ಅಗ್ಗದ ಗುಳಿಗೆಯೊಂದರಿಂದ ಇಷ್ಟು ಜೀವ!

● ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 2008ರಲ್ಲಿ ದೇಶದ 20,937 ರೋಗಿಗಳ ಲೆಕ್ಕ ಪ್ರಕಟಿಸಿದರು. ಬಡವರಲ್ಲಿ 30 ದಿನದೊಳಗಿನ ಸಾವು ಶೇ 8.2, ಸಿರಿವಂತರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಅಳಿಸಿಹೋಯಿತು. ಅಂದರೆ ಬಡವರನ್ನು ಕೊಂದದ್ದು ಹಣೆಬರಹವಲ್ಲ, ಸಿಗದ ಚಿಕಿತ್ಸೆ.

● ಕಲಬುರಗಿಯ ಹೊಸ ಜಯದೇವ ಹೃದ್ರೋಗ ಆಸ್ಪತ್ರೆ ಶುರುವಾದದ್ದು 2024ರ ಡಿಸೆಂಬರ್‌ನಲ್ಲಿ. ಹಾಸಿಗೆಗಳು 371, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ.

● 2017ರ ಫೆಬ್ರುವರಿಯಲ್ಲಿ ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದಡಿಯ ಔಷಧ ಬೆಲೆ ಪ್ರಾಧಿಕಾರ, ಆಂಜಿಯೊಪ್ಲಾಸ್ಟಿಯಲ್ಲಿ ನಾಳದೊಳಗೆ ಕೂರಿಸುವ ಔಷಧ ಲೇಪಿತ ಸ್ಟೆಂಟಿಗೆ ₹29,600 ಮಿತಿ ಹಾಕಿತು. ಅದಕ್ಕೂ ಮೊದಲು ಒಂದಕ್ಕೆ ಲಕ್ಷ ದಾಟುತ್ತಿತ್ತು.

● ಇಂಜೆಕ್ಷನ್ ಆಗಿ ನೋವು ಇಳಿಯಿತೆಂದು ಊರಿಗೆ ಮರಳಬೇಡಿ. ಹೆಪ್ಪು ಕರಗಿದರೂ ನಾಳದ ಕೊಬ್ಬಿನ ಗಡ್ಡೆ ಅಲ್ಲೇ ಇರುತ್ತದೆ. 24 ತಾಸಿನೊಳಗೆ ಕಲಬುರಗಿಯಂಥ ಕಡೆ ಆಂಜಿಯೊಗ್ರಾಂ ಆಗಬೇಕು. ಹೊರಡುವಾಗ ಇಸಿಜಿ ಚೀಟಿ, ಇಂಜೆಕ್ಷನ್ ಕೊಟ್ಟ ಸಮಯ ಬರೆದ ಕಾಗದ ಜೊತೆಗಿರಲಿ.