ದೇವರ ಚಿತ್ತ ಎಂಬ ಮಾತು

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಹಿಂಗಾರಿ ಮಳೆ ತಪ್ಪಿದ ವರ್ಷ, ಬಿತ್ತಿದ ಬಿಳಿಜೋಳವು ತೆನೆಗಟ್ಟುವ ಮೊದಲೇ ಬಾಡುವುದನ್ನು ಬದುವಿನ ಮೇಲೆ ನಿಂತು ನೋಡಿದ ರೈತನು ‘ದೇವರು ಇಟ್ಟಂಗ ಇರೂದು’ ಎಂದು ನುಡಿದು ಮನೆಗೆ ತಿರುಗುತ್ತಾನೆ. ಆ ಸೀಮೆಯ ಕ್ರೈಸ್ತನು ಇಂಥ ಸಂದರ್ಭದಲ್ಲಿ ‘ದೇವರ ಚಿತ್ತ’ ಎನ್ನುವನು. ಎರಡು ಮಾತುಗಳೂ ನೆರೆಮನೆಯವು. ಆದರೂ ಬಂದುದನ್ನು ಸಹಿಸುವುದು ಬೇರೆ, ದಾರಿ ಇನ್ನೂ ಕವಲೊಡೆದಿರುವಾಗಲೇ ಮನಸ್ಸು ಎಳೆಯುವ ಕಡೆಯನ್ನು ಬಿಟ್ಟು ಒಲ್ಲದ ಕಡೆಗೆ ಒಪ್ಪಿ ನಡೆಯುವುದು ಬೇರೆ.

ಈ ಒಪ್ಪಿಗೆಗೆ ಕ್ರೈಸ್ತರ ಮೂಲಾದರ್ಶವಿರುವುದು ಗೆತ್ಸೆಮನೆ ತೋಟದಲ್ಲಿ. ಮರಣದ ಹಿಂದಿನ ರಾತ್ರಿ ಯೇಸುವು ಆ ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದು ಮೊದಲು ಬೇಡಿಕೊಂಡನು. ಅನಂತರವೇ ತನ್ನ ಇಚ್ಛೆಯನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದನು. ಆ ಮೊದಲಿನ ಬೇಡಿಕೆಯನ್ನು ಮರೆತು ಕೊನೆಯ ಒಪ್ಪಿಗೆಯನ್ನಷ್ಟೇ ಬೋಧಿಸುವವರು ಶರಣಾಗತಿಯನ್ನು ಶಿಲೆಯ ಧರ್ಮವನ್ನಾಗಿ ಮಾಡುತ್ತಾರೆಂದು ನನಗೆ ತೋರುತ್ತದೆ. ನೋವನ್ನು ನೋವೆಂದು ಹೇಳಿಕೊಳ್ಳುವ ಅಧಿಕಾರವು ಭಕ್ತನಿಗೆ ಉಂಟು.

ಈ ಮಾತಿಗೆ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನವಿದೆ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಯಲ್ಲಿ ನೆಲೆಯೂರಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಟಗೇರಿಯಲ್ಲಿ ಅದು ತೆರೆದ ದವಾಖಾನೆಯನ್ನು ಜನರು ಜರ್ಮನ್ ಆಸ್ಪತ್ರೆಯೆಂದೇ ಕರೆದರು.

ಆ ಸೇವೆಯ ಹಿಂದಿದ್ದ ಮನೆಗಳ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಮಿಶನರಿಯು ಕಾರ್ಯಕ್ಷೇತ್ರದಲ್ಲಿ ಎರಡು ವರ್ಷ ಕಳೆಯುವವರೆಗೆ ವಿವಾಹಕ್ಕೆ ಅನುಮತಿ ಕೇಳುವಂತಿರಲಿಲ್ಲ. ಕೇಳಿದ ಮೇಲೆಯೂ ವಧುವಿಗೆ ಬಾಸೆಲಿನ ಸಮಿತಿಯ ಸಮ್ಮತಿ ಬೇಕು. ಹೀಗಾಗಿ ಎಷ್ಟೋ ಕನ್ಯೆಯರು, ಒಮ್ಮೆಯೂ ಕಂಡರಿಯದ ಪುರುಷನನ್ನು ವರಿಸಲು, ಅದನ್ನೇ ದೇವರ ಕರೆಯೆಂದು ನಂಬಿ, ತೌರನ್ನು ತೊರೆದು ಹಡಗನ್ನೇರಿದರು. ಅದಕ್ಕಿಂತಲೂ ಕಠಿನವಾದುದು ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಶಿಶುಗಳು ಆರೇಳು ವರ್ಷದವರಾಗುತ್ತಲೇ ವಿದ್ಯಾಭ್ಯಾಸಕ್ಕಾಗಿ ಯೂರೋಪಿಗೆ ಹೋಗತಕ್ಕದ್ದೆಂದು 1853ರಲ್ಲಿ ನಿಯಮವಾಯಿತು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ; ಅದಕ್ಕೂ ಮೊದಲು ಕಡಲಾಚೆಯ ಒಂದು ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಮಗುವಿನ ಮುಖವೇ ಬದಲಾಗುತ್ತಿತ್ತು. ಈ ನಿಯಮಕ್ಕೂ ಮೊದಲೇ, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಮರೀ ಗುಂಡರ್ಟ್ 1842ರಲ್ಲಿ ತಲಶ್ಶೇರಿಯಲ್ಲಿ ಜನಿಸಿ, ಎಳವೆಯಲ್ಲಿಯೇ ಹೀಗೆ ಅಗಲಿ ಹೋದವಳು.

ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಎರಡಾಗುತ್ತದೆ. ಉಷ್ಣವಲಯದ ಜ್ವರ ಹಾಗೂ ಶಿಶುಮರಣಗಳ ಭಯ ನಿಜವಾದುದು. ತಾಯಂದಿರ ಶ್ರದ್ಧೆಯೂ ನಿಜವಾದುದು. ಆದರೆ ತನ್ನ ಸುಖವನ್ನು ತಾನು ಬಿಡುವುದಕ್ಕೂ, ಒಪ್ಪಿಗೆಯನ್ನೇ ಕೇಳದ ಮಗುವಿನ ಮೇಲೆ ಅಗಲಿಕೆಯನ್ನು ಹೊರಿಸುವುದಕ್ಕೂ ಅಂತರವಿಲ್ಲವೆ? ಸಮಿತಿಯ ಕಟ್ಟಳೆಯನ್ನೇ ದೇವರ ಚಿತ್ತವೆಂದು ಭಾವಿಸಿದಲ್ಲಿ ಮನುಷ್ಯರು ಎಡವುವ ಸಂಭವವುಂಟು. ತಮಗೆ ಒದಗಿದ ಕಷ್ಟವನ್ನು ತಲೆಬಾಗಿ ಹೊತ್ತವರನ್ನು ನಾನು ಗೌರವಿಸುತ್ತೇನೆ. ಪರರ ಕಷ್ಟಕ್ಕೆ ದೇವರ ಹೆಸರನ್ನು ಕೊಡುವಾಗ ಮಾತ್ರ ಸಾವಿರ ಸಲ ಯೋಚಿಸಬೇಕೆನ್ನುತ್ತೇನೆ.

ಆ ತಾಯಂದಿರು ಸಹ ಯೋಚಿಸಿರಲಿಲ್ಲವೆಂದು ಹೇಳಲಾಗದು. 1876ರಿಂದ 1878ರವರೆಗಿನ ಭೀಕರ ಕ್ಷಾಮವು ಧಾರವಾಡ ಸೀಮೆಯನ್ನು ಸುಟ್ಟಾಗ, ಹೆತ್ತವರನ್ನು ಕಳೆದುಕೊಂಡ ಮಕ್ಕಳು ಮಿಶನ್ ಮನೆಗಳ ಬಾಗಿಲಿಗೆ ಬಂದವು. ಸ್ವಂತ ಮಕ್ಕಳನ್ನು ಕಡಲಾಚೆಗೆ ಕಳುಹಿಸಿ ಬರಿದಾಗಿದ್ದ ಆ ಮನೆಗಳಲ್ಲಿ, ಎರೆನಾಡಿನ ಆ ಅನಾಥ ಮಕ್ಕಳಿಗೆ ಗಂಜಿ ಕಾಯಿಸಿದ ಕೈಗಳು ಅವರವೇ.